ಹೆಸರು ಹಾಕಬೇಡಿ ಅಂದವರಿಗೆ

ನಮ್ಮ ಪೋಲಿ ಸರಣಿಯ ಕೊನೆಯ ಕಂತು ಹೋದ ಶುಕ್ರವಾರ ಯೂಟ್ಯೂಬ್‌ಗೆ ಬಿತ್ತು. ಕಂತಿಗೆ ಆರೇಳು ನಿಮಿಷ. ಅಷ್ಟರಲ್ಲೇ ಜಗಳ, ಅಡುಗೆಮನೆ, ಹಾಸಿಗೆ ಎಲ್ಲ ಮುಗಿಯಬೇಕು. ಟೈಟಲ್ ಕಾರ್ಡ್‌ನಲ್ಲಿ ಹೆಸರು ಬಂದವರಿಗೆ ಅಲ್ಲೇ ಥ್ಯಾಂಕ್ಸ್ ಹೇಳಿ ಆಗಿದೆ. ಈ ಬರಹ, "ಏನ್ ಬೇಕಾದ್ರೂ ಮಾಡ್ಕೊಡ್ತೀನಿ, ನನ್ನ ಹೆಸರು ಮಾತ್ರ ಹಾಕ್ಬೇಡಪ್ಪ" ಅಂದವರಿಗೆ. ಅಂಥವರೇ ಜಾಸ್ತಿ.

ನೋಡದವರಿಗೆ ಕತೆ ಇಷ್ಟು: ಬೆಂಗಳೂರಿನ ಗಂಡ ಹೆಂಡತಿ ಡೈವೋರ್ಸ್‌ಗೆ ಒಪ್ಪಿದ್ದಾರೆ. ಆದರೆ ಲೀಸ್ ದುಡ್ಡು ಓನರ್ ಹತ್ತಿರ ಸಿಕ್ಕಿಕೊಂಡಿದೆ. ಅವಧಿ ಮುಗಿಯುವವರೆಗೆ ಇಬ್ಬರೂ ಅದೇ ಒಂದು ಬೆಡ್‌ರೂಮ್ ಮನೆಯಲ್ಲಿ. ಸಂಸಾರ ಮಾಡುವಾಗ ಇಲ್ಲದ ಚಪಲ ಈಗ ಶುರುವಾಗುತ್ತದೆ.

ಇದು ಕಾನೂನಿನಲ್ಲಿ ನಿಲ್ಲುತ್ತದಾ ಅನ್ನೋ ಅನುಮಾನ ಬಗೆಹರಿಸಿದ್ದು ಒಬ್ಬ ವಕೀಲರು. ಫೀಸು ಅಂತ ತಗೊಂಡಿದ್ದು ಬೈಟೂ ಕಾಫಿ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ, ಇಬ್ಬರೂ ಒಪ್ಪಿ ಅರ್ಜಿ ಹಾಕುವ ಮುಂಚೆ ಒಂದು ವರ್ಷ ಬೇರೆ ಬಾಳಿರಬೇಕು. ಬೇರೆ ಅಂದರೆ ಬೇರೆ ಮನೆಯೇ ಆಗಬೇಕಿಲ್ಲ, ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡಿರಾಗಿ ಬಾಳದಿದ್ದರೆ ಸಾಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. "ಹಾಗಾದ್ರೆ ಸಾರ್, ಮಧ್ಯದಲ್ಲಿ ಒಂದು ರಾತ್ರಿ ಕಾಲು ಜಾರಿದ್ರೆ?" ಅಂದೆವು. ಅವರು ಕನ್ನಡಕ ತೆಗೆದಿಟ್ಟು ನಕ್ಕಿದ್ದೇ ನಕ್ಕಿದ್ದು. ಮೂರನೇ ಕಂತಿನಿಂದ ಗೋಡೆಗೆ ಬಂದ ಕ್ಯಾಲೆಂಡರು, ಪ್ರತಿ ಸಲ ಅಳಿಸಿ ಮತ್ತೆ ಒಂದರಿಂದ ಹಾಕುವ ಗೀಟು, ಎಲ್ಲ ಆ ನಗುವಿನಿಂದ ಬಂದದ್ದು.

ಶೂಟಿಂಗ್‌ಗೆ ಮನೆ ಕೊಟ್ಟ ಹನುಮಂತನಗರದ ಆಂಟಿ ಸ್ಕ್ರಿಪ್ಟ್ ಪೂರ್ತಿ ಓದಿದರು. ದೇವರ ಫೋಟೋ ಇರುವ ರೂಮಲ್ಲಿ ಬೇಡ ಅಂದರು, ಅಷ್ಟೇ. ಅವರ ತೇಗದ ಮಂಚವೋ, ಕಿರ್ ಅನ್ನಲೇ ಒಲ್ಲದು! ಆಗ ನಮ್ಮ ನಾಟಕದ ತಂಡದ ಹಿರಿಯರೊಬ್ಬರು, ಬ್ಯಾಂಕಿನಿಂದ ರಿಟೈರ್ ಆದವರು, ತಮ್ಮ ಹಳೇ ಕಬ್ಬಿಣದ ಮಂಚವನ್ನು ಆಟೋ ಮೇಲೆ ಕಟ್ಟಿಕೊಂಡು ಬಂದರು. ಅದರ ಮೇಲೆ ಕೂತು, ಪೇಪರ್ ಓದುತ್ತಲೇ ಕುಲುಕಿದರು. ಸೌಂಡ್ ಹುಡುಗ ಮೈಕ್ ಹಿಡಿದು, "ಸಾರ್, ಸ್ವಲ್ಪ ಜೋರಾಗಿ... ಈಗ ಥಟ್ ಅಂತ ನಿಲ್ಲಿಸಿ" ಅನ್ನುತ್ತಿದ್ದ. ಸಾರ್ ಪುಟ ತಿರುಗಿಸಿದರು. ಆ ಪರಪರ ಸದ್ದೂ ಐದನೇ ಕಂತಿನಲ್ಲಿದೆ, ಕಿವಿಗೊಟ್ಟು ಕೇಳಿ.

ಅದೇ ಐದನೇ ಕಂತಿಗೆ ವಯಸ್ಸಿನ ನಿರ್ಬಂಧ ಬಿತ್ತು. ಲಾಗಿನ್ ಆಗದವರಿಗೆ ಕಾಣಲ್ಲ, ಜಾಹೀರಾತಿನ ಕಾಸೂ ನಿಂತಂಗೇ. ಆಗ ಕೈಹಿಡಿದವರು, "ಥೂ, ಏನಿದು ಅಸಹ್ಯ" ಅಂತ ಬರೆದು, ಕೆಳಗೆ ಲಿಂಕನ್ನೂ ಅಂಟಿಸಿ ಊರಿಗೆಲ್ಲ ಕಳಿಸಿದ ವಾಟ್ಸಾಪ್ ಬಂಧುಗಳು. ನಿಮಗೆ ಸಾಷ್ಟಾಂಗ.

ನಮ್ಮ ನಾಯಕಿಯ ಹೆಸರು ಟೈಟಲ್‌ನಲ್ಲೇ ಇದೆ. ಹಾಸಿಗೆಯ ದೃಶ್ಯದಲ್ಲಿ ಕೊನೇ ಮಾತು ತನ್ನದೇ ಇರಬೇಕು, ತನ್ನನ್ನು ನೋಡಿ ಜನ ನಗಬಾರದು, ತಾನು ನಗಿಸಬೇಕು ಅಂತ ಹಟ ಹಿಡಿದು ಅರ್ಧ ಸ್ಕ್ರಿಪ್ಟ್ ಬದಲಾಯಿಸಿದರು. ಬದಲಾದದ್ದೇ ಚೆನ್ನಾಗಿತ್ತು. ಆದರೆ ಅವರ ಬಗ್ಗೆ ಬಂದ ಹೊಲಸು ಕಾಮೆಂಟುಗಳನ್ನು, ಅವರು ಬೆಳಗ್ಗೆ ಎದ್ದು ಫೋನ್ ನೋಡುವ ಮುಂಚೆಯೇ ಅಳಿಸಿ ಹಾಕುತ್ತಿದ್ದದ್ದು ಅವರ ತಮ್ಮ. ನೈಟ್ ಶಿಫ್ಟ್ ಹುಡುಗ. ತಮ್ಮಾ, ಅಕ್ಕನಿಗೆ ಇವತ್ತೇ ಗೊತ್ತಾಗ್ತಿರೋದು. ಬೈದರೆ ಬೈಸಿಕೋ.

ಎರಡನೇ ಸೀಸನ್ ಬರೆಯುತ್ತಿದ್ದೇವೆ. ಆಂಟಿ ಮನೆಗೆ ಸುಣ್ಣ ಹೊಡೆಸುತ್ತಿದ್ದಾರೆ, ಹಾಗಾಗಿ ಎರಡು ತಿಂಗಳಿಗೆ ಒಂದು ಮನೆ ಬೇಕು. ಮಂಚ ನಮ್ಮದೇ ಇದೆ.