ಕೂಲಿ ಬರಹ ನಿನ್ನನ್ನು ಕೆಡಿಸುವುದಿಲ್ಲ

ಪ್ರೀತಿಯ ತಮ್ಮ,

ನಿನ್ನ ಕಾದಂಬರಿ ಓದಿ ಮುಗಿಸಿದೆ. ಜೊತೆಗಿಟ್ಟಿದ್ದ ಪತ್ರ ಓದಿ ಜಾಸ್ತಿ ಸಂಕಟವಾಯಿತು. ಧಾರಾವಾಹಿಗೆ ಸಂಭಾಷಣೆ ಬರೆಯುವ ಕೆಲಸಕ್ಕೆ ಸೇರಿದ್ದೀಯ, ಇನ್ನು ನನ್ನ ಸಾಹಿತ್ಯದ ಕಥೆ ಮುಗಿಯಿತು ಅಂತೀಯ. ಯಾರು ಹೇಳಿದರು ನಿನಗೆ? ಅಧ್ಯಾಯಗಳ ಉದ್ದ, ಪ್ರಕಾಶಕರ ವಿಚಾರ ಎಲ್ಲ ಆಮೇಲೆ ನೋಡಿಕೊಳ್ಳೋಣ. ಮೊದಲು ಜಾನ್ ಸೇಲ್ಸ್ ವಿಷಯ ಕೇಳು.

ಅಮೆರಿಕದ ಸಿನಿಮಾ ನಿರ್ದೇಶಕ ಈತ. ಸಿನಿಮಾಕ್ಕೆ ಬರುವ ಮೊದಲೇ ಕಥೆ, ಕಾದಂಬರಿ ಬರೆದವನು. ಕಡಿಮೆ ಖರ್ಚಿನ ಚಿತ್ರಗಳ ನಿರ್ಮಾಪಕ ರೋಜರ್ ಕಾರ್ಮನ್ ಕಂಪನಿಗೆ 'ಪಿರಾನ್ಹಾ' ಚಿತ್ರಕಥೆ ಬರೆದುಕೊಟ್ಟ. ನೀರಿಗಿಳಿದವರನ್ನು ಮೀನುಗಳು ಕಚ್ಚಿ ತಿನ್ನುವ ಕಥೆ, 1978ರಲ್ಲಿ ಬಂತು. ಹೀಗೆ ಬೇರೆಯವರಿಗೆ ಬರೆದು ಗಳಿಸಿದ ಸುಮಾರು 40,000 ಡಾಲರ್ ಹಾಕಿ ತನ್ನ ಮೊದಲ ಚಿತ್ರ ತೆಗೆದ.

ಆ ದುಡ್ಡಿಗೆ ಹೊಂದುವ ಹಾಗೆ ಕಥೆ ಕಟ್ಟಿದ್ದು ನೋಡು. ಗೊತ್ತಿದ್ದ ಒಳ್ಳೆಯ ನಟರೆಲ್ಲ ಮೂವತ್ತರ ಆಸುಪಾಸಿನವರು. ಹಾಗಾಗಿ ಕಾಲೇಜು ದಿನಗಳ ಗೆಳೆಯರು ಒಂದು ವಾರಾಂತ್ಯ ಒಂದೇ ಮನೆಯಲ್ಲಿ ಸೇರುತ್ತಾರೆ. ಕ್ಯಾಮೆರಾ ಓಡಾಡಿಸಲು ಕಾಸಿಲ್ಲ. ಹಾಗಾಗಿ ಪಾತ್ರಗಳು ಜಾಸ್ತಿ, ಒಂದು ಮುಖದಿಂದ ಇನ್ನೊಂದಕ್ಕೆ ಹಾರಿದರೆ ಚಿತ್ರಕ್ಕೆ ಚಲನೆ ಬರುತ್ತದೆ. ಎಡಿಟಿಂಗ್ ಕೂಡ ತಾನೇ ಮಾಡಿದ.

1920ರ ವೆಸ್ಟ್ ವರ್ಜೀನಿಯಾದ ಗಣಿ ಕಾರ್ಮಿಕರ ಮುಷ್ಕರದ ಮೇಲೆ 'ಮೇಟ್‌ವಾನ್' ಅನ್ನೋ ಚಿತ್ರಕಥೆ ಬರೆದಿಟ್ಟುಕೊಂಡಿದ್ದ. ದುಡ್ಡು ಹೊಂದಿಸಲಾಗಲಿಲ್ಲ. ವರ್ಷಗಟ್ಟಲೆ ಕಾದ, ಆದರೆ ಸುಮ್ನೆ ಕೂರಲಿಲ್ಲ. ಬೇರೆಯವರಿಗೆ ಬರೆದ, ಮಧ್ಯೆ ಸಣ್ಣ ಬಜೆಟ್ಟಿನ ಚಿತ್ರ ಮಾಡಿದ. 1987ರಲ್ಲಿ 'ಮೇಟ್‌ವಾನ್' ಬಂತು.

ನಾನು ನಿನ್ನ ವಯಸ್ಸಿನಲ್ಲಿ ಜಾಹೀರಾತು ಬರೆಯುತ್ತಿದ್ದಾಗ ಹಿರಿಯರೊಬ್ಬರು ತುಂಬಿದ ಸಭೆಯಲ್ಲಿ 'ಸೋಪು ಮಾರುವ ಕವಿ' ಅಂದಿದ್ದರು. ಅವರಿಗೆ ಊರಲ್ಲಿ ಅಡಿಕೆ ತೋಟವಿತ್ತು, ನನಗೆ ತಿಂಗಳ ಬಾಡಿಗೆ ಕಟ್ಟಬೇಕಿತ್ತು. ಆ ಮಾತು ಇವತ್ತಿಗೂ ಉರಿಯುತ್ತದೆ. ನಿನಗೂ ಯಾರೋ ಹಾಗೆ ಅಂದಿರಬೇಕು, ಅಲ್ವಾ?

ಸೇಲ್ಸ್ ಇನ್ನೊಂದು ಕೆಲಸ ಮಾಡುತ್ತಾನೆ. ಒಂದೇ ಮಾತಾಡಿ ಹೋಗುವ ಪಾತ್ರಕ್ಕೂ ಅದರ ಹಿಂದಿನ ಬದುಕು ಬರೆದು ನಟನ ಕೈಗೆ ಕೊಡುತ್ತಾನೆ. ಪರದೆಯ ಮೇಲೆ ಅದು ಬರುವುದೇ ಇಲ್ಲ, ಆದರೂ ಬರೆಯುತ್ತಾನೆ.

ಈಗ ನಿನ್ನ ಸಬ್ ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತನನ್ನು ತಗೋ. 'ಇಲ್ಲಿ ಸಹಿ ಹಾಕಿ' ಅಂತಾನೆ, ಲಂಚ ಕೇಳ್ತಾನೆ, ಮಾಯವಾಗ್ತಾನೆ. ಯಾರವನು? ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಪಕ್ಕದ ಮೇಜಿನವನಿಗೆ ಏನು ಹೇಳುತ್ತಾನೆ? ನಿನಗೇ ಗೊತ್ತಿಲ್ಲ. ಈ ಪುಟ ನೀನು ಧಾರಾವಾಹಿಗೆ ಸೇರುವ ಮೊದಲೇ ಬರೆದದ್ದು. ಹಾಗಿದ್ದ ಮೇಲೆ ಧಾರಾವಾಹಿ ನಿನ್ನನ್ನು ಕೆಡಿಸುತ್ತದೆ ಅಂತ ದೂರಬೇಡ. ಅದೇ ಕಾದಂಬರಿಯಲ್ಲಿ ಅಮ್ಮ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ತಕ್ಕಡಿಯನ್ನೇ ದಿಟ್ಟಿಸಿ ನಿಂತ ಪುಟವಿದೆಯಲ್ಲ, ಅದನ್ನು ಮತ್ತೆ ಮತ್ತೆ ಓದಿದೆ. ಅವಳನ್ನು ಬಲ್ಲವನು ಗುಮಾಸ್ತನನ್ನೂ ಬಲ್ಲ.

ನಿನ್ನ ಧಾರಾವಾಹಿಯಲ್ಲಿ ಕಾಫಿ ತಂದಿಟ್ಟು ಹೋಗುವ ಕೆಲಸದವಳೊಬ್ಬಳು ಇದ್ದೇ ಇರುತ್ತಾಳೆ. ಯಾರೂ ಕೇಳದಿದ್ದರೂ ಅವಳ ಬದುಕು ಒಂದು ಪುಟ ಬರೆದಿಟ್ಟುಕೋ. ಕೆಲಸ ಬಿಡಬೇಡ. ಗುಮಾಸ್ತನ ಪುಟ ಹೊಸದಾಗಿ ಬರೆದು ಕಳಿಸು, ಓದುತ್ತೇನೆ.