ನಾಚಿಕೊಂಡು ಸುಮ್ನೆ ಇರಬೇಡ, ಕೇಳು

ಜೆರುಸಲೇಮ್

ಪ್ರೀತಿಯ ಪುಟ್ಟಿ,

ಮದುವೆಗೆ ಇನ್ನು ಮೂರೇ ವಾರ. ಊಟ, ಬಟ್ಟೆ ಎಲ್ಲದರ ಬಗ್ಗೆ ಫೋನಿನಲ್ಲಿ ಮಾತಾಡಿದೆವು. ಮುಟ್ಟಿನ ವಿಷಯ ಮಾತ್ರ ಅಮ್ಮ ಪಕ್ಕದಲ್ಲಿದ್ದಾಳೆ ಅಂತ ನೀನೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಅದಕ್ಕೇ ಈ ಕಾಗದ.

ನಿದ್ದಾ, ಅಂದರೆ ನಮ್ಮ ಯಹೂದಿ ಧರ್ಮದ ಮುಟ್ಟಿನ ನಿಯಮ, ಅದರ ಲೆಕ್ಕವನ್ನು ಮದುವಣಗಿತ್ತಿಯರ ಪಾಠದಲ್ಲಿ ಹೇಳಿಕೊಟ್ಟಿರುತ್ತಾರೆ. ಮುಟ್ಟು ಶುರುವಾದ ಮೇಲೆ ಕಡಿಮೆಯೆಂದರೂ 5 ದಿನ, ಕೆಲವು ಸೆಫಾರ್ದಿ (ಸ್ಪೇನ್ ಕಡೆಯ ಮೂಲದ ಯಹೂದಿ) ಮನೆಗಳಲ್ಲಿ 4. ಗಂಡನ ಮನೆ ಪದ್ಧತಿ ಯಾವುದು ಅಂತ ಈಗಲೇ ಕೇಳಿಕೊ. ನಿಂತ ದಿನ ಹೊತ್ತು ಮುಳುಗುವ ಮುಂಚೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಆಮೇಲೆ 7 ಶುದ್ಧ ದಿನ, ಕತ್ತಲಾದ ಮೇಲೆ ಶುದ್ಧಿಸ್ನಾನದ ಕೊಳ ಮಿಕ್ವೆಯಲ್ಲಿ ಮುಳುಗು. ಬೆಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯವರು ಮೂರು ದಿನ ಹೊರಗೆ ಕೂರುತ್ತಿದ್ದರು. ನಮ್ಮದು ಹಾಗಲ್ಲ. ಅಡುಗೆ ಮಾಡಬಹುದು, ಪ್ರಾರ್ಥನೆ ಮಾಡಬಹುದು. ಗಂಡ ಹೆಂಡತಿ ಮುಟ್ಟಿಕೊಳ್ಳುವಂತಿಲ್ಲ, ಅಷ್ಟೆ. ಆ ಅಷ್ಟೇ ಕಷ್ಟ ಅನ್ನು.

ನನ್ನ ಮದುವೆಯಾದ ವರ್ಷ, 1988. ಮಿಕ್ವೆಗೆ ಹೋಗಿ ಬಂದು ವಾರವಾಗಿತ್ತು. ನೀಲಿ ಒಳಚಡ್ಡಿಯಲ್ಲಿ ತೊಗರಿಬೇಳೆಯಷ್ಟು ಕಂದು ಕಲೆ. ಎದೆ ಧಸಕ್ಕೆಂದಿತು. ಆಗೆಲ್ಲ ಬಟ್ಟೆಯನ್ನು ಲಕೋಟೆಗೆ ಹಾಕಿ ಗಂಡನ ಕೈಯಲ್ಲಿ ನಮ್ಮ ಧರ್ಮಗುರು ರಬ್ಬಿಗೆ ಕಳಿಸಬೇಕಿತ್ತು. ಅವರು ಕಿಟಕಿ ಹತ್ತಿರ ಹಗಲು ಬೆಳಕಿನಲ್ಲಿ ಹಿಡಿದು ನೋಡಿ ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಹೇಳುತ್ತಿದ್ದರು. ಆ ರಬ್ಬಿಯ ಹೆಂಡತಿ ದಿನಾ ಬ್ರೆಡ್ ಅಂಗಡಿಯಲ್ಲಿ ಸಿಗುವವರು! ನನಗೆ ಪ್ರಾಣ ಹೋದರೂ ಆಗದು ಅನ್ನಿಸಿತು. ಯಾರನ್ನೂ ಕೇಳದೆ ಮತ್ತೆ 12 ದಿನ ಎಣಿಸಿದೆ. ಮಂಚಗಳನ್ನು ಬೇರೆ ಎಳೆದಾಗ ನಿನ್ನ ದೊಡ್ಡಪ್ಪನ ಮುಖ ನೋಡಬೇಕಿತ್ತು.

ಎಷ್ಟೋ ವರ್ಷದ ಮೇಲೆ ಯೋಯೆಟ್ಸೆತ್ ಹಲಾಖಾ, ಅಂದರೆ ಹಲಾಖಾ ಎಂಬ ನಮ್ಮ ಧರ್ಮದ ಕಟ್ಟಳೆ ಓದಿ ಹೆಂಗಸರಿಗೆ ಸಲಹೆ ಕೊಡುವ ಹೆಂಗಸು, ಒಬ್ಬರಿಗೆ ಫೋನ್ ಮಾಡಿ ಬೇರೇನೋ ಕೇಳುತ್ತಾ ಇದನ್ನೂ ಹೇಳಿದೆ. "ನೀಲಿ ಬಟ್ಟೆ ಅಂದ್ರಾ? ಬಣ್ಣದ ಬಟ್ಟೆ ಮೇಲೆ ಸುಮ್ನೆ ಕಂಡ ಕಲೆ ಲೆಕ್ಕಕ್ಕೇ ಇಲ್ವಲ್ಲಮ್ಮ" ಅಂದರು. ಒರೆಸಿ ನೋಡಿದ ಬಟ್ಟೆಯಲ್ಲಿ ಕಂಡರೆ ಬೇರೆ ಮಾತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಂಥ ಸಲಹೆಗಾರ್ತಿಯರನ್ನು ತಯಾರು ಮಾಡುವುದು ಇಲ್ಲಿನ ನಿಶ್ಮತ್. ರಬ್ಬನಿತ್ ಅಂತ ಗೌರವದಿಂದ ಕರೆಯುವ ಖಾನಾ ಹೆಂಕಿನ್ 1990ರಲ್ಲಿ ಶುರು ಮಾಡಿದ ಹೆಣ್ಣುಮಕ್ಕಳ ವಿದ್ಯಾಲಯ. ಈ ಕೋರ್ಸ್ ಬಂದದ್ದು 1997ರಲ್ಲಿ, ಮೊದಲ ತಂಡ ಮುಗಿಸಿದ್ದು 1999ರಲ್ಲಿ. ಎರಡು ವರ್ಷ ಹಲಾಖಾ ಓದುತ್ತಾರೆ, ಜೊತೆಗೆ ಸ್ತ್ರೀರೋಗದ ಪಾಠವೂ ಇದೆ. ರಬ್ಬಿಯ ಜಾಗ ಕಿತ್ತುಕೊಳ್ಳುವವರಲ್ಲ. ತೀರ್ಪು ಬೇಕಾದ ಕಷ್ಟದ ಪ್ರಶ್ನೆಯನ್ನು ರಬ್ಬಿಗೇ ಒಯ್ಯುತ್ತಾರೆ. ಆದರೆ ಮಗು ಬೇಡ ಅಂತ ಗರ್ಭಕೋಶದೊಳಗೆ ವಂಕಿ ಹಾಕಿಸಿಕೊಂಡ ಮೇಲೆ ಹನಿ ಹನಿ ಹೋಗುತ್ತಲೇ ಇದೆ ಅಂತ ಹೆಂಗಸಿನ ಹತ್ತಿರ ಹೇಳುವುದಕ್ಕೂ ಗಂಡಸಿನ ಹತ್ತಿರ ಹೇಳುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಕೆಲವರಿಗೆ ಮಿಕ್ವೆ ರಾತ್ರಿ ಬರುವ ಮುಂಚೆಯೇ ಅಂಡ ಬಿಡುಗಡೆಯಾಗಿ ಹೋಗಿರುತ್ತದೆ. ಮಗು ಆಗುತ್ತಿಲ್ಲ ಅಂತ ಕೊರಗುವ ಅಂಥವರನ್ನು ಗುರುತಿಸಿ ಡಾಕ್ಟರ ಹತ್ತಿರ ಕಳಿಸುವವರೂ ಇವರೇ.

ಮಿಕ್ವೆಗೆ ಹೋಗುವ ದಿನ ನೇಲ್ ಪಾಲಿಶ್ ಪೂರ್ತಿ ತೆಗಿ, ತಲೆ ಸಿಕ್ಕು ಬಿಡಿಸು. ಆತುರ ಮಾಡಬೇಡ. ಏನೇ ಅನುಮಾನ ಬಂದರೂ ನೀನೇ ತೀರ್ಮಾನ ಮಾಡಬೇಡ, ಅವತ್ತೇ ಈ ಸಲಹೆಗಾರ್ತಿಯರಿಗೆ ಫೋನ್ ಮಾಡು.

ಈ ಕಾಗದ ಅಮ್ಮನಿಗೆ ತೋರಿಸಿದರೂ ಪರವಾಗಿಲ್ಲ. ಅವಳೂ ಎಷ್ಟು ಸಲ ಸುಮ್ನೆ 12 ದಿನ ಎಣಿಸಿದ್ದಾಳೋ.

ನಿನ್ನ
ದೊಡ್ಡಮ್ಮ