ಕರ್ನಲ್‌ಗೆ ಆ ‘ರ’ ಎಲ್ಲಿಂದ ಬಂತು?
ಸಂಪಾದಕರೇ, ಪೇಪರಲ್ಲಿ ನೀವು ಕರ್ನಲ್ ಅಂತ ಸರಿಯಾಗೇ ಬರೀತೀರ, ಆದ್ರೆ ಟೀವಿಲಿ ಕೆಲವ್ರು ಇಂಗ್ಲಿಷ್ ಸ್ಪೆಲಿಂಗ್ ನೋಡ್ಕೊಂಡು ಕೊಲೊನೆಲ್ ಅಂತಾರೆ, ಬೈಯೋಕೂ ಮನಸ್ಸು ಬರಲ್ಲ, ಯಾಕಂದ್ರೆ ಸ್ಪೆಲಿಂಗಲ್ಲಿ ಆರ್ ಇಲ್ವೇ ಇಲ್ಲ. ಇಟಾಲಿಯನ್ನಿನ ಕೊಲೊನ್ನೆಲ್ಲೊ, ಅಂದ್ರೆ ಸೈನಿಕರ ಸಾಲಿಗೆ ಮುಖ್ಯಸ್ಥ, ಫ್ರೆಂಚರ ಬಾಯಲ್ಲಿ ಕೊರೊನೆಲ್ ಆಯ್ತು, ಒಂದೇ ಪದದಲ್ಲಿ ಎರಡೆರಡು ಲ ಬಂದ್ರೆ ನಾಲಿಗೆ ತೊಡರುತ್ತಲ್ಲ, ಅದಕ್ಕೆ. 16ನೇ ಶತಮಾನದಲ್ಲಿ ಇಂಗ್ಲಿಷರು ಅದನ್ನೇ ತಗೊಂಡ್ರು. ಆಮೇಲೆ ಓದಿದೋರು ಇಟಾಲಿಯನ್ ಮೂಲ ನೋಡಿ ಎಲ್ ವಾಪಸ್ ತಂದ್ರು, ಬಾಯಲ್ಲಿ ಮಾತ್ರ ರ ಹಂಗೇ ಉಳೀತು. ಸ್ಪ್ಯಾನಿಷಲ್ಲಿ ಈಗ್ಲೂ ಕೊರೊನೆಲ್ಲೇ. ಲೆಫ್ಟಿನೆಂಟ್‌ದು ಇನ್ನೊಂದು ಗೋಳು, ಅಮೆರಿಕದವ್ರು ಲೂಟೆನೆಂಟ್ ಅಂತಾರೆ. ಸುದ್ದಿ ಓದೋರಿಗೆ ಇಂಥವನ್ನ ಕನ್ನಡದಲ್ಲೇ ಬರ್ದು ಕೊಟ್ಬಿಡಿ ಸಾಕು.